ನಡುವಿನ ಐತವಾರ

ಗದಗಿನ ಸ್ಟೇಷನ್ ರೋಡಿನ ಹಿಂದ
ಕಬಾಡಿಯವರ ಪ್ರೆಸ್ಸಿನ್ಯಾಗ ಬೈಂಡಿಂಗ್ ನಂದು.
ಇಪ್ಪತ್ತೆರಡು ವರ್ಷ
ಮಂದಿ ಲಗ್ನಪತ್ರ, ಪಾವತಿ ಪುಸ್ತಕ, ಸಾಲಿ ಮಕ್ಕಳ ನೋಟ್‌ಬುಕ್ಕು
ಈ ಹೆಬ್ಬೆಟ್ಟಿನ ಕೆಳಗ ಹಾದು ಹೋಗ್ಯಾವ.
ಹಿಂಗಾಗಿ ಹೆಬ್ಬೆಟ್ಟಿಗೆ ಗೆರಿ ಉಳದಿಲ್ಲ,
ರೇಷನ್ ಅಂಗಡಿ ಮಷೀನು ನನ್ನ ಗುರ್ತು ಹಿಡಿಯೂದಿಲ್ಲ.

ಫಕ್ಕೀರೇಶನ್ನ ಕರಕೊಂಡು ಬಂದಾಕಿ
ಪ್ರೊಬೇಷನ್ ಆಫೀಸಿನ ಹೊಂಬಳ ಮೇಡಮ್ಮು.
ಹದಿನೇಳರ ಹುಡುಗ, ಮೀಸಿ ಇನ್ನೂ ಪ್ರೂಫಿನ್ಯಾಗ ಐತಿ.
"ಆರು ತಿಂಗಳ ಕಲೀಲಿ, ಸ್ಟೈಪೆಂಡ್ ನಮ್ಮ ಕಡೆಯಿಂದ" ಅಂದ್ಲು.
ಏನು ಮಾಡಿದ್ದ ಅಂತ ಹೇಳಲಿಲ್ಲ.
ಹೇಳಬಾರದಂತ, ಕಾಯ್ದೆ ಐತಂತ.
ಆದ್ರ ಚಹಾ ತರೋ ಹುಡುಗಗೂ ಗೊತ್ತಿತ್ತು:
ಮುಂಡರಗಿ ರೋಡು, ಮೂರು ಬೈಕು,
ಇಬ್ಬರು ಓಡಿದ್ರು, ಇಂವ ಸಿಕ್ಕ.

ನಾನೂ ಅವತ್ತು, ಸುಳ್ಳು ಯಾಕ ಹೇಳ್ಲಿ,
ಗೂಟಕ್ಕ ಹಾಕೋ ಚೀಲಾ ಬಿಚ್ಚಿ
ಪರ್ಸು ಸೊಂಟಕ್ಕ ಸಿಗಿಸಿಕೊಂಡೆ.
ಅವ ನೋಡಿದ.
ನೋಡಿಲ್ಲ ಅನ್ನೂಹಂಗ ನೋಡಿದ.

ಮಾಬೂಸಾಬ ಮೊದಲ ಕಲಿಸಿದ್ದು ಹಾಳಿ ಝಾಡಿಸೂದು.
"ಒಳಗ ಗಾಳಿ ಹೊಗಬೇಕಲೇ,
ಒಂದಕ್ಕೊಂದು ಅಂಟಿಕೊಂಡಿದ್ದು
ಮಷೀನಿಗೆ ಎರಡೆರಡು ಹೋಗ್ತಾವ."
ಆಮ್ಯಾಲ ರಜಿಸ್ಟರು:
ನೀಲಿ, ಕೆಂಪು, ಹಳದಿ, ಕರಿ
ಒಂದರ ಮ್ಯಾಲ ಒಂದು ಕೂಡಬೇಕು,
ಕೂದಲೆಳಿ ಸರದ್ರ ದೇವರಿಗೆ ಎರಡು ಮೂಗು.
ಹುಡುಗಗ ಗೊತ್ತಿದ್ದ ರಜಿಸ್ಟರ್ ಬ್ಯಾರೆ,
ಸೋಮವಾರಕ್ಕೊಮ್ಮೆ ಮೇಡಮ್ಮಿನ ಟೇಬಲ್ಲಿನ ಮ್ಯಾಲ
ಸಹಿ ಹಾಕೂದು.

ಎರಡನೇ ತಿಂಗಳ ನಾಕು ದಿನ ಬರಲಿಲ್ಲ.
ಬೆಟಗೇರಿ ಓಣ್ಯಾಗ ಯಾರದೋ ಮೊಬೈಲು ಕಳದಿತ್ತಂತ,
ಮೊದಲ ಬಡದಿದ್ದು ಇವರ ಬಾಗಲಾ.
ಮೇಡಮ್ಮು ಸ್ಕೂಟಿ ಮ್ಯಾಲ ಹೋಗಿ
ಮಗ್ಗದ ಹಿಂದ ಮಲಗಿದವನ್ನ ಎಬ್ಬಿಸಿ ತಂದ್ಲು.
ಮೊಬೈಲು ಸಿಕ್ತೋ ಇಲ್ಲೋ, ಇವತ್ತಿಗೂ ಗೊತ್ತಿಲ್ಲ.
ಮಾಬೂಸಾಬ ಒಂದು ಅರಿವಿ ಕೈಗೆ ಕೊಟ್ಟು
"ರೋಲರ್ ಒಣಗ್ಯಾವ" ಅಂದ, ಅಷ್ಟ.

ದೀಪಾವಳಿ ಮುಗದಿದ್ದ, ಕ್ಯಾಲೆಂಡರ್ ಕೆಲಸ.
ಎಣ್ಣಿ ಮಿಲ್ಲಿನವರದು, ನಾಕು ಸಾವಿರ.
ಮಾಲಕರು ಪ್ರೂಫ್ ನೋಡಿದ್ರು, ಗಿರಾಕಿ ಸಹಿ ಹಾಕಿದ್ರು,
ಮಷೀನ್ ಚಾಲೂ ಆಗಿ ಐವತ್ತು ಹಾಳಿ ಬಿದ್ದಿರಬೇಕು,
ಫಕ್ಕೀರೇಶ ಒಂದು ಎತ್ತಿ ಬೆಳಕಿಗೆ ಹಿಡದ.
"ಹದಿನೇಳು ಬುಧವಾರ ಅಲ್ರಿ. ಮಂಗಳವಾರ."
ಯಾರು ಹೇಳಿದ್ರೋ ನಿನಗ?
"ಫೆಬ್ರುವರಿ ಹದಿನೇಳು ನನ್ನ ತಾರೀಖು.
ಮಂಡಳಿ ಬುಧವಾರ ಕೂಡೂದಿಲ್ರಿ."

ಮಷೀನ್ ನಿಂತು.
ಎಲ್ಲಾರೂ ಬಗ್ಗಿದ್ವಿ.
ಜನವರಿ ಶನಿವಾರಕ್ಕ ಮುಗದಿತ್ತು,
ಫೆಬ್ರುವರಿ ಸೋಮವಾರಕ್ಕ ಶುರುವಾಗಿತ್ತು.
"ಅಲಲಲ, ನಡುವಿನ ಐತವಾರ ಯಾರು ಕದ್ದರೋ?"
ಅಂದ್ರು ಮಾಲಕರು,
ಅಂದ ಮ್ಯಾಲ ತುಟಿ ಕಚ್ಚಿಕೊಂಡ್ರು.
ಪ್ರೆಸ್ಸಿನ್ಯಾಗ ಮಸಿ ಆರೂ ಸಪ್ಪಳಾ ಕೇಳೂಹಂಗಾತು.
"ನಾ ಅಲ್ರಿ" ಅಂದ ಹುಡುಗ.
ಅಂದು ನಕ್ಕ.
ಮಾಬೂಸಾಬ ನಕ್ಕಿದ್ದು ಹೆಂಗಂದ್ರ
ಬಾಯಾಗಿನ ಎಲಿಅಡಿಕಿ ಐವತ್ತೊಂದನೇ ಹಾಳಿ ಮ್ಯಾಲ.

ನನ್ನ ಚೀಲ ಯಾವತ್ತು ಗೂಟಕ್ಕ ಹೋತು, ನೆನಪಿಲ್ಲ.
ಒಂದಿನ ಅವನ "ಅಕ್ಕಾ, ಪರ್ಸಿನ ದಾರ ಹರಿಯಾಕ ಬಂದೈತಿ" ಅಂದಿದ್ದ.
ಆವಾಗಿರಬೇಕು.

ಇವತ್ತು ಆ ಮಂಗಳವಾರ.
ಗ್ವಾಡಿ ಮ್ಯಾಲ ಅದರ ಮನಿ ಖಾಲಿ ಐತಿ,
ಹಬ್ಬಿಲ್ಲ, ಸಂಕಷ್ಟಿ ಇಲ್ಲ, ಕೆಂಪಿಲ್ಲ, ಬರೇ ಕರಿ ಅಂಕಿ.
ಅವ ಮುಂಜಾನೆ ಹೋಗ್ಯಾನ,
ಮಾಬೂಸಾಬನ ಮಗನ ಅಂಗಿ ಹಾಕ್ಕೊಂಡು.
ಆರು ತಿಂಗಳೂ ಇದ ವಾರ ಮುಗಿತಾವ.
ಮಾಲಕರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ.
ಆದ್ರ ಪಗಾರದ ಪುಸ್ತಕ ಹೊಲದಾಕಿ ನಾನಲ್ಲ?
ನಿನ್ನೆ ತಗದು ನೋಡಿದೆ,
ಕಡೀ ಹೆಸರಿನ ಕೆಳಗ
ಪೆನ್ಸಿಲ್ಲಿನ್ಯಾಗ ಒಂದು ಗೆರಿ ಹೊಡದಾರ.
ಹೆಸರು ಬರದಿಲ್ಲ.

ನಾಕಾತು.
ಮಾಬೂಸಾಬ ಮಷೀನಿಗೆ ಎಣ್ಣಿ ಹಾಕಾಕತ್ಯಾನ,
ಮುಂಜಾನೆ ಹಾಕಿದ್ದು ಮರತವರಂಗ,
ಬಾಗಲ ಕಡೆ ಮಾರಿ ಮಾಡಿ.